ತ್ರಾಸಿಯಿಂದ ಮರವಂತೆಗೆ

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಎಲ್ಲಿಗಾದರೂ ಹೊರಡಬೇಕೆಂದರೆ ಮೊದಲು ಯಂತ್ರದ ಪಾಳಿ ನೋಡಿಕೊಳ್ಳಬೇಕು. ನನ್ನ ಪಾಳಿ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ. ಮದುವೆ, ಮುಂಜಿ, ಗೃಹಪ್ರವೇಶ ಯಾವುದೇ ಇರಲಿ, ಆ ದಿನಗಳಿಗೆ ಬೀಳದಿದ್ದರೆ ಮಾತ್ರ ನನಗೆ ದಕ್ಕುತ್ತದೆ. ಮಾರ್ಚ್ ತಿಂಗಳಲ್ಲಿ ಕುಂದಾಪುರದಿಂದ ನನ್ನ ಹೆಂಡತಿಯ ಅಣ್ಣ ಫೋನ್ ಮಾಡಿದರು. "ಭಾವ, ವಿಶ್ವ ಮೂತ್ರಪಿಂಡ ದಿನ ಕಳೆದು ಬರುವ ಭಾನುವಾರ ನಾವು ಕೆಲವರು ಸೇರಿ ಶಾಸ್ತ್ರಿ ವೃತ್ತದಿಂದ ಮರವಂತೆಗೆ ನಡೀತೇವೆ. ಡಯಾಲಿಸಿಸ್‌ಗೆ ಬರುವವರಿಗಾಗಿ ದುಡ್ಡು ಕೂಡಿಸಬೇಕು. ನೀವು ಬಂದು ಒಂದು ಮಾತಾಡಿದರೆ ಸಾಕು" ಎಂದರು. ಮಾತಾಡುವುದಷ್ಟೇ ಏಕೆ, ನಾನೂ ನಡೆಯುತ್ತೇನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಡಾಕ್ಟರು ಬೇಡವೆನ್ನಲಿಲ್ಲ. ರಕ್ತದ ವರದಿ ನೋಡಿ, ಹಿಮೋಗ್ಲೋಬಿನ್ ಪರವಾಗಿಲ್ಲ, ಆದರೆ ಪೂರ್ತಿ ದೂರ ಬೇಡ, ಕೊನೆಯ ಭಾಗ ಮಾತ್ರ ನಡೆಯಿರಿ ಎಂದರು. ಬಿಸಿಲೇರುವ ಮೊದಲು ಮುಗಿಸಬೇಕು. ಎಡಗೈಯಲ್ಲಿ ಭಾರ ಹಿಡಿಯಬಾರದು. ಮಣಿಕಟ್ಟಿನ ಹತ್ತಿರ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ ಹೊಲಿದ ಫಿಸ್ಟುಲಾ ಅಲ್ಲಿದೆ. ಡಯಾಲಿಸಿಸ್ ಸೂಜಿ ಚುಚ್ಚುವುದು ಅಲ್ಲಿಗೇ, ಅದು ಮುಚ್ಚಿಕೊಂಡರೆ ಮತ್ತೆ ಆಪರೇಷನ್. ಎಲ್ಲಕ್ಕಿಂತ ದೊಡ್ಡ ಕಟ್ಟುನಿಟ್ಟು ನೀರಿನದು. ಮೂತ್ರ ಹೆಚ್ಚುಕಡಿಮೆ ನಿಂತೇ ಹೋಗಿರುವ ನನ್ನಂಥವನಿಗೆ ದಿನಕ್ಕೆ ಒಂದು ಲೀಟರಿನೊಳಗೆ ಎಲ್ಲವೂ ಮುಗಿಯಬೇಕು: ನೀರು, ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಕೂಡ. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯಿಲ್ಲ. ಮೊದಲು ಕಾಲಿನಲ್ಲಿ, ಆಮೇಲೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಶನಿವಾರದಿಂದ ಮಂಗಳವಾರದವರೆಗಿನ ಅಂತರ ವಾರದಲ್ಲೇ ಉದ್ದದ್ದು. ಹೃದಯಕ್ಕೆ ಅಪಾಯ ಹೆಚ್ಚಿರುವುದೂ ಆ ಅಂತರದಲ್ಲೇ. ನಡಿಗೆ ಬಿದ್ದದ್ದು ಸರಿಯಾಗಿ ಅದರ ನಡುವೆ.

ಕೂಡಿಸುವ ದುಡ್ಡು ಬಸ್ ಚಾರ್ಜಿಗೆ ಎಂದು ಭಾವ ಹೇಳಿದಾಗ ಈ ಜನಕ್ಕೆ ವಿಷಯ ಗೊತ್ತಿದೆ ಅನ್ನಿಸಿತು. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದದ್ದು 2016ರಲ್ಲಿ. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ, ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ, ಬಡವರಿಗೆ ಚಿಕಿತ್ಸೆ ಉಚಿತ. ಆದರೆ ಯಂತ್ರದ ಹತ್ತಿರ ಬರುವುದು ಉಚಿತವಲ್ಲ. ಕಾಡಂಚಿನ ಮನೆಯಿಂದ ಬರುವವರು ಮೊದಲು ಆಟೋ ಹಿಡಿದು, ಆಮೇಲೆ ಬಸ್ಸು ಹಿಡಿದು, ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಮಲಗಿ, ತಲೆ ಸುತ್ತುತ್ತಿರುವಾಗಲೇ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಒಬ್ಬರೇ ಬರುವ ಹಾಗಿಲ್ಲ, ಜೊತೆಗೊಬ್ಬರು ಬೇಕು. ಜೊತೆಗೆ ಬಂದವರ ಅಂದಿನ ಕೂಲಿ ಹೋಯಿತು. ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳಬೇಕಾದವರು ಎರಡಕ್ಕೆ ಇಳಿಯುವುದು, ಎರಡು ಮಾಡಿಸಿಕೊಳ್ಳುತ್ತಿದ್ದವರು ಮಳೆಗಾಲದಲ್ಲಿ ಒಂದು ತಪ್ಪಿಸುವುದು ಹೀಗೆ. ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಒಬ್ಬರು ಹಾಗೆ ತಪ್ಪಿಸುತ್ತಾ ತಪ್ಪಿಸುತ್ತಾ ಒಂದು ವಾರ ಬರಲೇ ಇಲ್ಲ. ಎಲ್ಲಿ ಹೋದರು ಎಂದು ನಾವು ಯಾರೂ ಕೇಳಲಿಲ್ಲ. ಆ ಕೋಣೆಯಲ್ಲಿ ಹಾಗೆ ಕೇಳುವುದಿಲ್ಲ.

ಶನಿವಾರ ಮಧ್ಯಾಹ್ನ ಶಿವಮೊಗ್ಗದಿಂದ ಹೊರಟೆವು. ಡಯಾಲಿಸಿಸ್ ಮುಗಿದ ಮೈ ಹಿಂಡಿದ ಹಾಗಿರುತ್ತದೆ, ಕಾರಿನ ಹಿಂದಿನ ಸೀಟಿನಲ್ಲಿ ಹೊದೆದು ಮಲಗಿದ್ದೆ. ಆಯನೂರು, ರಿಪ್ಪನ್‌ಪೇಟೆ ದಾಟಿದ್ದು ಗೊತ್ತಾಗಲಿಲ್ಲ. ಹೊಸನಗರ ಕಳೆದು ನಗರದ ಹತ್ತಿರ ಎದ್ದು ಕುಳಿತೆ. ಹಿಂದಿನ ಬಿದನೂರು ಅದು, ಕೆಳದಿಯ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರನಗರ ಎಂದು ಕರೆದ ಮೇಲೆ ನಗರವಾಯಿತು. ರಸ್ತೆಯಿಂದಲೇ ಕೋಟೆಯ ಗೋಡೆ ಕಾಣುತ್ತದೆ. ಮದುವೆಯಾದ ಹೊಸದರಲ್ಲಿ ಅದರ ಮೆಟ್ಟಿಲು ಹತ್ತಿ ಮೇಲಿನ ಬುರುಜಿನಲ್ಲಿ ಕೂತಿದ್ದೆವು. ಈ ಸಲ ಕಾರು ನಿಲ್ಲಿಸಲಿಲ್ಲ.

ಮಾಸ್ತಿಕಟ್ಟೆ ದಾಟಿದರೆ ಹುಲಿಕಲ್ ಘಾಟಿ. ಮೊಬೈಲಿನ ಗೆರೆಗಳು ಒಂದೊಂದಾಗಿ ಇಳಿದು ಪೂರ್ತಿ ಹೋಗುವುದು ಅಲ್ಲಿಯೇ. ಬೇರೆಯವರಿಗೆ ಅದು ಅರ್ಧ ಮುಕ್ಕಾಲು ತಾಸಿನ ನೆಮ್ಮದಿ. ನಮ್ಮ ಮನೆಯಲ್ಲಿ ಹಾಗಲ್ಲ. ಅಂಗಾಂಗ ಕಸಿಗಾಗಿ ಹೆಸರು ಬರೆಸಿದವರ ಫೋನ್ ಹಗಲೂ ರಾತ್ರಿ ಬದುಕಿರಬೇಕು. ರಾಜ್ಯದಲ್ಲಿ ಈ ಪಟ್ಟಿಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ. ಆಸ್ಪತ್ರೆಯ ಮೂಲಕ ಅಲ್ಲಿ ನೋಂದಣಿಯಾಗುತ್ತದೆ. ರಕ್ತದ ಗುಂಪು, ಎಷ್ಟು ಕಾಲದಿಂದ ಡಯಾಲಿಸಿಸ್ ನಡೆದಿದೆ ಇತ್ಯಾದಿ ನೋಡಿ ಸರದಿ ಗೊತ್ತುಮಾಡುತ್ತಾರೆ. ಎಲ್ಲಿಯೋ ಒಂದು ಮಿದುಳು ನಿಷ್ಕ್ರಿಯವಾಗಿ, ಆ ಮನೆಯವರು ಒಪ್ಪಿ, ಗುಂಪು ಹೊಂದಿದರೆ ನಮ್ಮ ಆಸ್ಪತ್ರೆಯ ಕೋಆರ್ಡಿನೇಟರ್ ಫೋನ್ ಮಾಡುತ್ತಾರೆ. ಏನೂ ತಿನ್ನದೆ, ಕುಡಿಯದೆ ಕೂಡಲೇ ಹೊರಡಬೇಕು. ದೇಹದಿಂದ ತೆಗೆದ ಮೇಲೆ ಹೃದಯಕ್ಕೆ ನಾಲ್ಕು ತಾಸಿನ ಆಯುಷ್ಯವಾದರೆ ಮೂತ್ರಪಿಂಡ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತಡೆಯುತ್ತದೆ ನಿಜ. ಆದರೆ ಫೋನ್ ಎತ್ತದವನಿಗಾಗಿ ಯಾರೂ ಕಾಯುವುದಿಲ್ಲ, ಕಾಯಲೂಬಾರದು. ಪಟ್ಟಿಯಲ್ಲಿ ಮುಂದಿನವನೂ ನನ್ನ ಹಾಗೆಯೇ ಕಾದಿದ್ದವನು. ಆಸ್ಪತ್ರೆಯ ಫೈಲಿನಲ್ಲಿ ನನ್ನ ನಂಬರಿನ ಜೊತೆಗೆ ಹೆಂಡತಿಯದು, ಭಾವನದು ಇವೆ. ಘಟ್ಟ ಇಳಿಯುವ ಮೊದಲು ಅವಳು ಅಣ್ಣನಿಗೆ ಫೋನ್ ಮಾಡಿ, "ಇನ್ನೊಂದು ತಾಸು ನೀನು ಫೋನ್ ಕೈಯಲ್ಲೇ ಇಟ್ಕೊ" ಎಂದಳು.

ಘಾಟಿಯಲ್ಲಿ ಚಂಡಿಕಾಂಬೆಯ ಗುಡಿ. ಇಳಿಯುವ, ಏರುವ ವಾಹನಗಳೆಲ್ಲ ಅಲ್ಲಿ ನಿಂತು ಮುಂದೆ ಹೋಗುತ್ತವೆ. ಅವಳು ಇಳಿದು ಕೈ ಮುಗಿದು ಬಂದಳು. ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಅಲ್ಲಿ ಕೇಳಿದೆ: ದೇವರ ಮುಂದೆ ನಿಂತಾಗ ನನಗಾಗಿ ಏನೆಂದು ಬೇಡಿಕೊಳ್ಳುತ್ತೀ?

"ಕಿಡ್ನಿ ಸಿಗಲಿ ಅಂತ ನಾನು ಕೇಳಲ್ಲರೀ. ಹಾಗೆ ಕೇಳಿದರೆ ಇನ್ನೊಬ್ಬರ ಮನೆಗೆ ಏನು ಕೇಳಿದ ಹಾಗಾಯಿತು?" ಎಂದಳು. ಒಂದೆರಡು ತಿರುವು ಕಳೆದ ಮೇಲೆ ಅವಳೇ ಮುಂದುವರಿಸಿದಳು. "ಹೋಗುವವರು ಹೇಗೂ ಹೋದರೆ, ಆ ಹೊತ್ತಿನಲ್ಲಿ ಅವರ ಮನೆಯವರ ಮನಸ್ಸು ಗಟ್ಟಿ ಇರಲಿ. ಅಷ್ಟು ಕೇಳ್ತೀನಿ."

ಅವಳೇ ಕೊಡಲು ಮುಂದೆ ಬಂದಿದ್ದಳು. ನಮ್ಮ ದೇಶದಲ್ಲಿ ಆಗುವ ಮೂತ್ರಪಿಂಡ ಕಸಿಗಳಲ್ಲಿ ಬಹುಪಾಲು ಜೀವಂತ ದಾನಿಗಳಿಂದಲೇ ಆಗುವುದು, ಆ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರೇ: ತಾಯಂದಿರು, ಹೆಂಡಂದಿರು. ನನ್ನ ಹೆಂಡತಿಯ ರಕ್ತದ ಗುಂಪು ಹೊಂದಿತು. ಪರೀಕ್ಷೆಯಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಶುರುವಾಗಿರುವುದು ಗೊತ್ತಾಯಿತು. ಅಂದು ಅವಳು ಅತ್ತದ್ದು ತನ್ನ ಸಕ್ಕರೆಗಾಗಿ ಅಲ್ಲ.

ಹೊಸಂಗಡಿಗೆ ಬಂದಾಗ ಗೆರೆಗಳು ಮರಳಿದವು, ಎರಡೂ ಫೋನುಗಳು ಒಟ್ಟಿಗೆ ಸದ್ದು ಮಾಡಿದವು. ಬ್ಯಾಂಕಿನ ಸಂದೇಶ, ಮಗಳದ್ದೊಂದು ಫೋಟೋ. ತಪ್ಪಿದ ಕರೆ ಯಾವುದೂ ಇರಲಿಲ್ಲ. ಅವಳು ಉಸಿರು ಬಿಟ್ಟಳು.

ರಾತ್ರಿ ಭಾವನ ಮನೆಯಲ್ಲಿ ಊಟ. ಅತ್ತಿಗೆ ಮೊದಲೇ ಫೋನ್ ಮಾಡಿ ಎಲ್ಲ ಕೇಳಿಕೊಂಡಿದ್ದರು. ತರಕಾರಿ ಹೆಚ್ಚಿ ನೀರಿನಲ್ಲಿ ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿ ಮತ್ತೆ ಬೇಯಿಸಿದ್ದರು, ಪೊಟ್ಯಾಸಿಯಂ ಕಡಿಮೆಯಾಗಲೆಂದು. ಕುಚ್ಚಲಕ್ಕಿ ಗಂಜಿಯ ಮನೆಯಲ್ಲಿ ಅಂದು ನನಗಾಗಿ ನೀರು ಪೂರ್ತಿ ಬಸಿದ ಅನ್ನ. ಉಪ್ಪಿನಕಾಯಿ ಬಡಿಸಲಿಲ್ಲ, ಬಡಿಸಲಿಲ್ಲವೆಂದು ಸಮಾಧಾನ ಹೇಳಲೂ ಇಲ್ಲ. ತಟ್ಟೆಯ ಪಕ್ಕದಲ್ಲಿ ಒಂದು ಸಣ್ಣ ಸ್ಟೀಲ್ ಲೋಟವಿತ್ತು. ಅದರಲ್ಲಿ ಎಷ್ಟು ಹಿಡಿಯುತ್ತದೆಂದು ಅವರು ಅಳೆದು, ಒಂದು ಚೀಟಿಯಲ್ಲಿ ಬರೆದು ಲೋಟದ ಕೆಳಗೆ ಇಟ್ಟಿದ್ದರು: 120 ಮಿ.ಲೀ.

ಬೆಳಿಗ್ಗೆ ಉಳಿದವರು ಇನ್ನೂ ಕತ್ತಲಿರುವಾಗಲೇ ಶಾಸ್ತ್ರಿ ವೃತ್ತದಿಂದ ಹೊರಟಿದ್ದರು. ನಾವು ಕಾರಿನಲ್ಲಿ ಹಿಂದಿನಿಂದ ಹೋದೆವು. ಸಂಗಮ್ ಸೇತುವೆ, ತಲ್ಲೂರು, ಹೆಮ್ಮಾಡಿ. ಹೆಮ್ಮಾಡಿಯ ಸೇವಂತಿಗೆ ಗದ್ದೆಗಳಲ್ಲಿ ಹೂವಿನ ಕಾಲ ಮುಗಿದಿತ್ತು. ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಗೆ ಇಲ್ಲಿಯ ಹೂವೇ ಹೋಗಬೇಕು, ಅಲ್ಲಿಗೆ ಅದರ ವರ್ಷ ತೀರಿದ ಹಾಗೆ. ತ್ರಾಸಿಯಲ್ಲಿ ಗುಂಪು ಸಿಕ್ಕಿತು. ಕಾಲೇಜಿನ ಎನ್.ಎಸ್.ಎಸ್. ಹುಡುಗರು, ಸ್ವಸಹಾಯ ಸಂಘದ ಹೆಂಗಸರು, ಇಬ್ಬರು ಡಯಾಲಿಸಿಸ್ ಟೆಕ್ನಿಷಿಯನ್ ಹುಡುಗಿಯರು, ನಿವೃತ್ತ ಮೇಷ್ಟರೊಬ್ಬರು. ಒಬ್ಬೊಬ್ಬರ ಕೈಯಲ್ಲೂ ಒಂದು ಹಾಳೆ. ಕಿಲೋಮೀಟರಿಗೆ ಇಷ್ಟು ಎಂದು ಊರಿನವರು, ಅಂಗಡಿಯವರು, ನೆಂಟರು ತಮ್ಮ ಹೆಸರಿನ ಮುಂದೆ ಬರೆದುಕೊಟ್ಟ ಮೊತ್ತ ಅದರಲ್ಲಿ. ಒಬ್ಬ ಹುಡುಗನ ಹಾಳೆಯಲ್ಲಿ ಅವನ ಮನೆಗೆ ಮೀನು ತರುವ ಹೆಂಗಸು ಕಿಲೋಮೀಟರಿಗೆ ಐದು ರೂಪಾಯಿ ಬರೆಸಿದ್ದಳು. ಹೆಸರಿನ ಮುಂದೆ ಹೆಬ್ಬೆಟ್ಟಿನ ಗುರುತಿತ್ತು.

ತ್ರಾಸಿಯಿಂದ ಮರವಂತೆಯ ತನಕದ ರಸ್ತೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರು ಬಹಳ ಜನ ಇದ್ದಾರೆ. ನಡೆದವರು ಕಡಿಮೆ. ಎಡಕ್ಕೆ ಅರಬ್ಬೀ ಸಮುದ್ರ, ರಸ್ತೆಯ ಅಂಚಿನವರೆಗೂ ಬಂದು ಬಡಿಯುತ್ತದೆ; ಕೊರೆತ ತಡೆಯಲು ರಾಶಿ ಹಾಕಿದ ಕಪ್ಪು ಬಂಡೆಗಳ ನಡುವೆ ನೊರೆ. ಬಲಕ್ಕೆ ಸೌಪರ್ಣಿಕಾ, ತೆಂಗಿನ ಕುದ್ರುಗಳನ್ನು ಬಳಸಿಕೊಂಡು ಅಲುಗದೆ ನಿಂತಿರುವಂತೆ ಹರಿಯುತ್ತದೆ. ಆಚೆ ಪೂರ್ವಕ್ಕೆ, ಮಂಜಿನ ಹಿಂದೆ, ಘಟ್ಟದ ಸಾಲು. ಆ ಸಾಲಿನಲ್ಲಿರುವ ಕೊಡಚಾದ್ರಿ ನಮ್ಮ ಜಿಲ್ಲೆಯದು, ಹೊಸನಗರ ತಾಲ್ಲೂಕಿನದು. ಅಲ್ಲಿ ಹುಟ್ಟಿ, ಮೂಕಾಂಬಿಕೆಯ ಊರಾದ ಕೊಲ್ಲೂರನ್ನು ಹಾದು ಬರುವ ನೀರು ಇದು. ಮರವಂತೆಯಲ್ಲಿ ಸಮುದ್ರಕ್ಕೆ ಒಂದು ರಸ್ತೆಯಷ್ಟೇ ದೂರ ಉಳಿದಾಗ ನೇರ ಹೋಗಿ ಸೇರುವುದನ್ನು ಬಿಟ್ಟು ದಕ್ಷಿಣಕ್ಕೆ ತಿರುಗುತ್ತದೆ. ಚಕ್ರಾ, ವಾರಾಹಿ ಮೊದಲಾದ ನದಿಗಳನ್ನು ಕೂಡಿಕೊಂಡು ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಇಳಿಯುತ್ತದೆ.

ಎರಡೂ ಕಡೆ ನೀರು, ನಡುವೆ ನಾನು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿತು. ಬೆವರಿದರೆ ಒಂದು ಗುಟುಕು ಹೆಚ್ಚು ಕುಡಿಯಬಹುದು ಎಂದು ಡಾಕ್ಟರು ಹೇಳಿದ್ದರು, ಆ ಗುಟುಕನ್ನು ಮುಂದೆ ಮುಂದೆ ತಳ್ಳುತ್ತಾ ನಡೆದೆ. ಜೇಬಿನಲ್ಲಿ ನಿಂಬೆಯ ಹೋಳಿತ್ತು. ಅದನ್ನು ನಾಲಿಗೆಗೆ ಮುಟ್ಟಿಸಿದರೆ ಬಾಯಲ್ಲಿ ತೇವ ಹುಟ್ಟುತ್ತದೆ, ನಮ್ಮ ವಾರ್ಡಿನಲ್ಲಿ ಹಳಬರು ಹೊಸಬರಿಗೆ ಹೇಳಿಕೊಡುವ ಉಪಾಯ. ಊರವರು ರಸ್ತೆಯ ಬದಿಯಲ್ಲಿ ಮೇಜು ಹಾಕಿ ನಡೆಯುವವರಿಗಾಗಿ ಎಲ್ಲ ಇಟ್ಟಿದ್ದರು: ಬಾಳೆಹಣ್ಣು, ಬೊಂಡ, ಮಜ್ಜಿಗೆ, ಕಿತ್ತಳೆ ಹಣ್ಣಿನ ಪಾನಕ. ಎಷ್ಟು ಪ್ರೀತಿಯಿಂದ ಇಟ್ಟಿದ್ದರೋ, ಅದರಲ್ಲಿ ಒಂದನ್ನೂ ನಾನು ಮುಟ್ಟುವಂತಿರಲಿಲ್ಲ. ಆಯಾಸಗೊಂಡವರಿಗೆ ಅಮೃತವೆಂದು ಕೊಡುವ ಎಳನೀರು ಕೆಲಸ ನಿಲ್ಲಿಸಿದ ಮೂತ್ರಪಿಂಡದವರಿಗೆ ವಿಷ. ಅದರ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರಿದರೆ ಹೃದಯ ಏರುಪೇರಾಗಿ ನಿಂತೇ ಹೋಗಬಹುದು.

ನನ್ನ ಪಕ್ಕದಲ್ಲಿ ಮುಖಕ್ಕೆ ಮಾಸ್ಕ್, ತಲೆಗೆ ಅಗಲ ಅಂಚಿನ ಟೋಪಿ ಹಾಕಿದ ಒಬ್ಬರು ನಡೆಯುತ್ತಿದ್ದರು. ಎಂಟು ಗಂಟೆಗೆ ಅವರ ಜೇಬಿನಲ್ಲಿ ಫೋನ್ ಅಲಾರಂ ಹೊಡೆಯಿತು. ನಿಂತರು. ಸಣ್ಣ ಡಬ್ಬಿಯಿಂದ ಎರಡು ಕ್ಯಾಪ್ಸೂಲ್ ತೆಗೆದು ಬಾಯಿಗೆ ಹಾಕಿಕೊಂಡು ಲೀಟರ್ ಬಾಟಲಿ ಎತ್ತಿದರು. ನಾನು ನೋಡುತ್ತಲೇ ನಿಂತೆ. ಗಂಟಲಿನ ಮಣಿ ಮೇಲೆ ಕೆಳಗೆ ಆಡುತ್ತಿತ್ತು, ಬಾಟಲಿಯಲ್ಲಿ ನೀರು ಅರ್ಧಕ್ಕೆ ಇಳಿಯಿತು, ಅರ್ಧದಿಂದ ತಳಕ್ಕೆ ಹೋಯಿತು, ಅವರು ನಿಲ್ಲಿಸಲಿಲ್ಲ. ಅಷ್ಟು ನೀರನ್ನು ಒಬ್ಬ ಮನುಷ್ಯ ಒಂದೇ ಸಲ ಕುಡಿಯುವುದನ್ನು ಹತ್ತಿರದಿಂದ ನೋಡದೆ ಎಷ್ಟೋ ಕಾಲವಾಗಿತ್ತು. ಬಾಟಲಿ ಇಳಿಸಿ ನನ್ನನ್ನು ನೋಡಿದಾಗ ಅವರ ಮುಖ ಬದಲಾಯಿತು. ನನ್ನ ಎಡಗೈಯ ಉಬ್ಬು ಕಂಡಿತ್ತು. "ನೀವು ಇನ್ನೂ ಡಯಾಲಿಸಿಸ್‌ನಲ್ಲಿದ್ದೀರಾ? ಕ್ಷಮಿಸಿ, ನಿಮ್ಮ ಎದುರೇ ಕುಡಿದುಬಿಟ್ಟೆ" ಎಂದರು. ಕುಡಿಯಿರಿ, ನೋಡಿ ನನಗೆ ಸಂತೋಷವಾಯಿತು ಎಂದೆ. ಅದು ನಿಜ.

ಅವರಿಗೆ ಕಸಿಯಾಗಿದೆ. ಈಗ ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕು. ಆ ಕ್ಯಾಪ್ಸೂಲ್ ಟ್ಯಾಕ್ರೊಲಿಮಸ್, ಹನ್ನೆರಡು ತಾಸಿಗೊಮ್ಮೆ ತಪ್ಪದೆ ನುಂಗಬೇಕು. ಮೈ ತನ್ನದಲ್ಲದ್ದನ್ನು ಗುರುತು ಹಿಡಿದು ಹೊರಹಾಕದಂತೆ ಅದು ತಡೆಯುತ್ತದೆ. ಹಾಗೆ ತಡೆಯುವುದರಿಂದಲೇ ಸೋಂಕಿನ ಭಯ, ಅದಕ್ಕೇ ಮಾಸ್ಕ್. ಜೀವವಿರುವವರೆಗೆ ಔಷಧಿ, ತಿಂಗಳಿಗೆ ಸಾವಿರಾರು ರೂಪಾಯಿ. ಕಸಿಯಾದರೆ ಎಲ್ಲ ಮುಗಿಯಿತು ಎಂದು ತಿಳಿಯಬಾರದು ಎಂದು ಅವರು ನನಗೆ ಮತ್ತೆ ಮತ್ತೆ ಹೇಳಿದರು. ಆಮೇಲೆ ದನಿ ತಗ್ಗಿಸಿ, ಆಪರೇಷನ್ ಆದ ರಾತ್ರಿ ಮೂತ್ರದ ಚೀಲ ತುಂಬುತ್ತಿರುವುದನ್ನು ನರ್ಸ್ ಎತ್ತಿ ತೋರಿಸಿದಾಗ ಅತ್ತದ್ದನ್ನು ಹೇಳಿದರು. ಇದನ್ನು ಬೇರೆಯವರಿಗೆ ಹೇಳಿದರೆ ಅರ್ಥವಾಗದು. ನನಗೆ ಆಯಿತು.

"ಯಾರದ್ದು ಅಂತ ಗೊತ್ತೇ?" ಎಂದು ಕೇಳಿದೆ. ಗೊತ್ತಿಲ್ಲ, ಹೇಳುವುದಿಲ್ಲ. ದಾನಿಯ ಗುರುತು ಪಡೆದವರಿಗೆ, ಪಡೆದವರ ಗುರುತು ದಾನಿಯ ಮನೆಗೆ ತಿಳಿಸುವ ಪದ್ಧತಿಯಿಲ್ಲ. "ಯಾರೋ ಒಬ್ಬರ ಅಪ್ಪನೋ ಅಮ್ಮನೋ ಹೆಂಡತಿಯೋ ಆ ಹೊತ್ತಿನಲ್ಲಿ ಹೂಂ ಅಂದಿದ್ದಾರೆ. ಅಷ್ಟೇ ನನಗೆ ಗೊತ್ತಿರುವುದು" ಎಂದರು.

ನನಗೂ ಒಮ್ಮೆ ಆ ಕರೆ ಬಂದಿತ್ತು. ಸ್ಟ್ಯಾಂಡ್‌ಬೈ ಎಂದು ಕರೆಸಿಕೊಂಡಿದ್ದರು. ಒಂದು ಮೂತ್ರಪಿಂಡಕ್ಕೆ ಪಟ್ಟಿಯಿಂದ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಯುವುದುಂಟು, ಮೊದಲಿನವರಿಗೆ ಹೊಂದದಿದ್ದರೆ ಮುಂದಿನವರು ಸಿದ್ಧವಿರಲಿ ಎಂದು. ದಾನಿಯ ಜೀವಕೋಶಗಳ ಜೊತೆ ನಮ್ಮ ರಕ್ತ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಆಗುವವರೆಗೆ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದೆವು. ಮೊದಲಿನವರಿಗೆ ಹೊಂದಿತು, ನಾವು ಮನೆಗೆ ಬಂದೆವು. ಮರುದಿನದ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಸುದ್ದಿ: ಅಪಘಾತದಲ್ಲಿ ಗಾಯಗೊಂಡಿದ್ದ ಯುವಕನ ಅಂಗಾಂಗ ದಾನ. ಬೈಕು, ಹೆದ್ದಾರಿ, ಊರಿನ ಹೆಸರು, ವಯಸ್ಸು. ನಾನು ನಿದ್ದೆಗೆಟ್ಟು ಒಳ್ಳೆಯ ಸುದ್ದಿಗಾಗಿ ಕಾಯುತ್ತಿದ್ದ ರಾತ್ರಿಯಲ್ಲಿ ಆ ಮನೆಯವರು ಇನ್ನೊಂದು ಕಾರಿಡಾರಿನಲ್ಲಿ ಕೂತಿದ್ದರು. ಆ ಪತ್ರಿಕೆಯನ್ನು ರದ್ದಿಗೆ ಹಾಕಲು ಇವತ್ತಿಗೂ ಆಗಿಲ್ಲ.

ಬಿಸಿಲು ಚುರುಗುಟ್ಟಲು ಶುರುವಾಗಿತ್ತು. ರಸ್ತೆಯ ಬದಿಯ ಗೂಡಂಗಡಿಯ ನೆರಳಿನಲ್ಲಿ ನಿಂತೆ. ಅಂಗಡಿಯ ಅಜ್ಜಿ ನನ್ನ ಮುಖ ನೋಡಿ ಕತ್ತಿ ಎತ್ತಿಕೊಂಡರು. "ಹ್ವಾಯ್, ಬನಿ, ಕೂಕಣಿ. ಒಂದ್ ಬೊಂಡ ಕುಡೀನಿ. ದುಡ್ಡ್ ಬ್ಯಾಡ." ಕುಡಿಯುವಂತಿಲ್ಲ ಎಂದು, ಏಕೆ ಎಂದು ಹೇಳಿದೆ. ಅವರು ಕತ್ತಿ ಕೆಳಗಿಟ್ಟರು. ನನ್ನ ಎಡಗೈಯನ್ನು ತಮ್ಮ ಕೈಗೆ ತೆಗೆದುಕೊಂಡು ಫಿಸ್ಟುಲಾದ ಮೇಲೆ ಬೆರಳಿಟ್ಟರು. ಒಳಗೆ ರಕ್ತ ನುಗ್ಗುವ ಗುಂಯ್‌ಗುಡುವಿಕೆ ಬೆರಳಿಗೆ ಸಿಗುತ್ತದೆ; ದಿನಾ ಬೆಳಿಗ್ಗೆ ಎದ್ದ ಕೂಡಲೇ ನಾನು ಮುಟ್ಟಿ ನೋಡಿಕೊಳ್ಳುವುದು ಅದನ್ನೇ. "ಅಬ್ಬಾ ದೇವ್ರೇ, ಭ್ರಮರ ಕೂತಂಗೆ ಇತ್ತ್" ಎಂದು ಅವರು ಕೈ ಬಿಡದೆ ಕೇಳಿದರು, "ತೆಗೆದ್ ಮೇಲೆ ಹೆಣ ಪೂರ್ತಿ ಕೊಡ್ತ್ರಾ?"

ಕೊಡುತ್ತಾರೆ. ಆಪರೇಷನ್ ಮಾಡಿದಂತೆಯೇ ಕುಯ್ದು, ತೆಗೆದು, ನೀಟಾಗಿ ಹೊಲಿದು ಕೊಡುತ್ತಾರೆ. ಬಟ್ಟೆ ಹೊದಿಸಿದರೆ ಏನೂ ಗೊತ್ತಾಗುವುದಿಲ್ಲ. ಮಾಡಬೇಕಾದ ಕ್ರಿಯೆಯೆಲ್ಲ ಮಾಡಬಹುದು. ಮನೆಯವರಿಗೆ ಅದರ ಖರ್ಚು ಬೀಳುವುದಿಲ್ಲ, ಯಾರಿಗೂ ಮಾರುವಂತೆಯೂ ಇಲ್ಲ, ಮಾರಿದರೆ 1994ರ ಕಾಯ್ದೆಯಲ್ಲಿ ಜೈಲು. ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಾ ಹೆದ್ದಾರಿಯ ಕಡೆ ನೋಡುತ್ತಿದ್ದರು.

"ನಮ್ಮ ತಂಗಿ ಮಗ ಇದೇ ರಸ್ತಿಯಂಗೆ ಬಿದ್ದದ್ದ್" ಎಂದರು. ಹುಡುಗನನ್ನು ದೊಡ್ಡ ಆಸ್ಪತ್ರೆಗೆ ಒಯ್ದು ವೆಂಟಿಲೇಟರಿಗೆ ಹಾಕಿದ್ದರು. ಕೆಲವು ದಿನಗಳ ಮೇಲೆ ಡಾಕ್ಟರು ಕರೆದು, ಮಿದುಳು ಸತ್ತಿದೆ, ಅಂಗ ಕೊಡುತ್ತೀರಾ ಎಂದು ಕೇಳಿದರು. ಎದೆ ಏರಿ ಇಳಿಯುತ್ತಿತ್ತು, ಮೈ ಬೆಚ್ಚಗಿತ್ತು. ತಾಯಿ ನಂಬಲಿಲ್ಲ. ಗಂಡಸರು ಹೊರಗೆ ನಿಂತು ಮಾತಾಡಿಕೊಂಡರು. ಒಬ್ಬರು ಆಗಬಹುದು ಎಂದರು, ಒಬ್ಬರು ನಾಳೆ ಅವನ ಹೆಂಡತಿ ನಮ್ಮನ್ನು ಕೇಳಿದರೆ ಏನು ಹೇಳುವುದು ಎಂದರು. ಬೇಡವೆಂದಾಯಿತು. ಮಾರನೆಯ ದಿನ ಹೃದಯವೂ ನಿಂತಿತು. "ಅವ ಮುಂಚೆ ಒಂದ್ ಮಾತ್ ಹೇಳಿದ್ರೆ ಆತಿತ್ತ್" ಎಂದರು ಅಜ್ಜಿ.

ಆ ಹೂಂ ಇಲ್ಲದೆ ಹೋದ ಮನೆಯ ಕಡೆಯಿಂದ ನಾನು ಈ ವಿಷಯವನ್ನು ಕೇಳಿದ್ದು ಅದೇ ಮೊದಲು. ಬೇ‌ಡ ಎಂದವರ ಮೇಲೆ ನನ್ನಂಥವರಿಗೆ ಒಳಗೊಳಗೇ ಒಂದು ಸಿಟ್ಟಿರುತ್ತದೆ. ಅಜ್ಜಿಯ ಎದುರು ಅದು ನಿಲ್ಲಲಿಲ್ಲ. ಬೆಚ್ಚಗಿರುವ ಮಗನ ಮೈ ಮುಟ್ಟಿಕೊಂಡು ನಿಂತ ತಾಯಿಗೆ ಮಿದುಳುಕಾಂಡದ ಪಾಠ ಮಾಡುವ ಹೊತ್ತಲ್ಲ ಅದು. ವೈದ್ಯರ ಕಡೆಯಿಂದ ಎಚ್ಚರಿಕೆ ಕಡಿಮೆಯೇನಿಲ್ಲ: ನಾಲ್ವರು ವೈದ್ಯರ ತಂಡ ಪರೀಕ್ಷಿಸಬೇಕು, ಕಣ್ಣಿಗೆ ಬೆಳಕು ಬಿಟ್ಟು, ಗಂಟಲು ಕೆರಳಿಸಿ, ವೆಂಟಿಲೇಟರ್ ತಪ್ಪಿಸಿದಾಗ ತಾನಾಗಿ ಉಸಿರಾಟ ಹುಟ್ಟುತ್ತದೆಯೇ ಎಂದು ನೋಡಬೇಕು, ಕನಿಷ್ಠ ಆರು ತಾಸು ಬಿಟ್ಟು ಎಲ್ಲವನ್ನೂ ಮತ್ತೊಮ್ಮೆ ನೋಡಬೇಕು. ಇಷ್ಟಾದ ಮೇಲೂ ಮಾತು ನಿಲ್ಲುವುದು ಮನೆಯವರ ಹತ್ತಿರ. ಸತ್ತವರು ದಾನದ ಕಾರ್ಡು ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರೂ ನಮ್ಮಲ್ಲಿ ಮನೆಯವರ ಒಪ್ಪಿಗೆಯಿಲ್ಲದೆ ಯಾರೂ ಮುಂದುವರಿಯುವುದಿಲ್ಲ. ಆಗ ಅವರು ಕೇಳಿಕೊಳ್ಳುವ ಪ್ರಶ್ನೆ ಒಂದೇ, ಅವನಿದ್ದಿದ್ದರೆ ಏನೆನ್ನುತ್ತಿದ್ದ? ಅದಕ್ಕೆ ಉತ್ತರ ಮೊದಲೇ ಮನೆಯೊಳಗೆ ಬಿದ್ದಿರಬೇಕು.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ, ಪ್ರಾಣ ಹೋಗುವ ಮೊದಲು ತನ್ನ ಅಂಗಗಳನ್ನು ದಾನ ಮಾಡಿ ಎಂದು ಸುತ್ತ ನಿಂತವರಿಗೆ ಹೇಳಿದ್ದ. ಆ ಸ್ಥಿತಿಯಲ್ಲಿ ಉಪಯೋಗಕ್ಕೆ ಬಂದದ್ದು ಕಣ್ಣುಗಳಷ್ಟೇ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ತಕ್ಷಣದ ಉಚಿತ ಚಿಕಿತ್ಸೆಗಾಗಿ ಸರ್ಕಾರ ತಂದ ಯೋಜನೆಗೆ ಅವನ ಹೆಸರಿಟ್ಟರು. ಅವನ ಆ ಮಾತಿನ ಬಗ್ಗೆ ಯೋಚಿಸಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ನೋವಿನಲ್ಲಿ ಅದನ್ನು ನೆನಪಿಸಿಕೊಂಡನೆಂದರೆ ಅದಕ್ಕಿಂತ ಮೊದಲೇ ಎಂದೋ ಯೋಚಿಸಿಟ್ಟಿದ್ದನೆಂದೇ ಅರ್ಥ.

ಮರವಂತೆಯಲ್ಲಿ ಮಹಾರಾಜಸ್ವಾಮಿ ವರಾಹ ದೇವಸ್ಥಾನದ ಹತ್ತಿರ ನಡಿಗೆ ಮುಗಿಯಿತು. ಕರ್ಕಾಟಕ ಅಮಾವಾಸ್ಯೆಗೆ ಇಲ್ಲಿ ಜಾತ್ರೆ. ಜನ ನದಿಯಲ್ಲಿ ಮಿಂದು, ರಸ್ತೆ ದಾಟಿ ಕಡಲಲ್ಲೂ ಮೀಯುತ್ತಾರೆ. ನಾನು ಮರದ ಕೆಳಗೆ ಕೂತು ಮಿಗಿಸಿಟ್ಟಿದ್ದ ಗುಟುಕು ಕುಡಿದೆ. ಮೀನಖಂಡದಲ್ಲಿ ಸೆಟೆತ ಬಂದಾಗ ಟೆಕ್ನಿಷಿಯನ್ ಹುಡುಗಿಯರು ನೆಲದಲ್ಲಿ ಕೂತು ನೀವಿದರು.

ಮಾತಾಡಲು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಜೇಬಿನಿಂದ ತೆಗೆಯಲಿಲ್ಲ. ಗೂಡಂಗಡಿಯಲ್ಲಿ ಕೇಳಿದ್ದನ್ನು, ಯಾರ ಗುರುತೂ ಸಿಗದಂತೆ, ಹೇಳಿದೆ. ಈ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ನಿಮ್ಮ ಮನಸ್ಸು ಹೇಳಿಬಿಡಿ, ಬೇಡ ಎಂದಿದ್ದರೆ ಅದನ್ನೂ ಹೇಳಿ ಎಂದೆ. ಒಬ್ಬ ಹುಡುಗ ಎದ್ದು, "ಸರ್, ಅಪ್ಪು ಸರ್ ಹಾಗೆ ನಾನು ಕಣ್ಣು ಬರೆದುಕೊಟ್ಟಿದ್ದೇನೆ, ಕಿಡ್ನಿಯೂ ಅದರಲ್ಲೇ ಬಂತಲ್ಲ?" ಎಂದು ಕೇಳಿದ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, 2006ರಲ್ಲಿ ಅವರ ತಂದೆಯವರದಾದಂತೆ, ಕಣ್ಣುಗಳ ದಾನವಾಯಿತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ನಾಡಿನಲ್ಲಿ ಜನ ಸಾಲುಗಟ್ಟಿದರು. ಆದರೆ ಕಣ್ಣಿನ ದಾರಿ ಬೇರೆ, ಮೂತ್ರಪಿಂಡದ ದಾರಿ ಬೇರೆ. ಹೃದಯ ನಿಂತ ಮೇಲೂ, ಮನೆಯಲ್ಲೇ ತೀರಿಕೊಂಡರೂ, ಸುಮಾರು ಆರು ತಾಸಿನೊಳಗೆ ಕಾರ್ನಿಯಾ ತೆಗೆಯಬಹುದು. ಮೂತ್ರಪಿಂಡ, ಯಕೃತ್ತು, ಹೃದಯ ಕೊಡಬೇಕಾದರೆ ಮಿದುಳು ಸತ್ತು ಹೃದಯ ಇನ್ನೂ ಮಿಡಿಯುತ್ತಿರಬೇಕು, ಆಸ್ಪತ್ರೆಯ ಐ.ಸಿ.ಯು.ನಲ್ಲಿರಬೇಕು. ಅದೇ 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರದು ಹಾಗೆ ಆಯಿತು. ಅವರ ಮನೆಯವರು ಒಪ್ಪಿ ಅಂಗಾಂಗಗಳನ್ನು ಕೊಟ್ಟರು. ಇಷ್ಟನ್ನು ವಿವರಿಸಿದಾಗ ಹುಡುಗ, "ಹಾಗಾದ್ರೆ ಅಮ್ಮನ ಹತ್ರ ಮಾತಾಡ್ಬೇಕು" ಎಂದು ಕೂತ. ಅಂದು ನನಗೆ ಬೇಕಾಗಿದ್ದದ್ದು ಅದೊಂದು ಮಾತು.

ಹಾಳೆಗಳಲ್ಲಿ ಬರೆದ ಹಣ ಕೈಗೆ ಬಂದು ಮುಗಿಯಲು ಕೆಲವು ವಾರ ಹಿಡಿಯಿತು. ಭಾವ ಒಂದೊಂದು ರೂಪಾಯಿಯ ಲೆಕ್ಕ ಬರೆದು ಕಳಿಸಿದ್ದಾರೆ. ಯಾವ ಊರಿನಿಂದ ಬರುವವರಿಗೆ ತಿಂಗಳಿಗೆ ಎಷ್ಟು ಬಸ್ ಚಾರ್ಜು, ಜೊತೆಗೆ ಬರುವವರ ಮಧ್ಯಾಹ್ನದ ಊಟಕ್ಕೆ ಎಷ್ಟು ಎಂದು. ಮೀನಿನ ಹೆಂಗಸಿನ ಹೆಸರೂ ಅದರಲ್ಲಿದೆ.

ಮಂಗಳವಾರ ಡಯಾಲಿಸಿಸ್‌ಗೆ ಹೋದಾಗ, ಮೈಯಲ್ಲಿ ನಿಂತ ನೀರನ್ನು ತೋರಿಸುವ ತೂಕ ಮಿತಿಯೊಳಗೇ ಇತ್ತು. ಅಂದು ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲೂ ಮಾತು ತೆಗೆದೆ. ಊರವರಿಗೆಲ್ಲ ಹೇಳಿ ಬಂದವನು ಮನೆಯಲ್ಲಿ ಸುಮ್ಮನಿರಲಾದೀತೆ? ನನ್ನ ಮೂತ್ರಪಿಂಡಗಳಿಂದ ಯಾರಿಗೂ ಉಪಯೋಗವಿಲ್ಲ, ಕಣ್ಣುಗಳನ್ನು ಕೊಡಬಹುದು. ಡಾಕ್ಟರನ್ನು ಕೇಳಿದ್ದೆ, ರಕ್ತದಲ್ಲಿ ಸೋಂಕೇನೂ ಇಲ್ಲದಿದ್ದರೆ ಡಯಾಲಿಸಿಸ್ ಅಡ್ಡಿಯಲ್ಲ ಎಂದಿದ್ದರು. ಅದನ್ನು ಹೇಳಿದೆ. ಹೆಂಡತಿ ತಲೆಯಾಡಿಸಿದಳು, ತನ್ನದೂ ಹೇಳಿದಳು. ಮಗಳು ತಟ್ಟೆಯಲ್ಲಿ ಬೆರಳಾಡಿಸುತ್ತಾ, "ಈಗ್ಯಾಕಪ್ಪ ಇದೆಲ್ಲ?" ಎಂದವಳು, ಸ್ವಲ್ಪ ಹೊತ್ತಾದ ಮೇಲೆ, "ನಂದು ಎಲ್ಲಾ" ಎಂದಳು. ಆ ಮಾತು ಕೇಳುವುದು ತಂದೆಗೆ ಎಷ್ಟು ಕಷ್ಟ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಆದರೂ ಕೇಳಿಸಿಕೊಂಡೆ, ಆಯಿತು ಮಗಳೇ ಎಂದೆ.

ಗೋಡೆಗೊರಗಿ ಕೂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ನನ್ನದೂ ಬರಕೊಳ್ಳೋ. ಪೊರೆ ತೆಗೆಸಿದ ಕಣ್ಣು, ಆಗ್ತದಾ?" ಎಂದರು.

"ಆಗ್ತದಮ್ಮ. ಪೊರೆ ತೆಗೆದದ್ದು ಒಳಗಿನ ಮಸೂರದಿಂದ. ಅವರಿಗೆ ಬೇಕಾಗಿರುವುದು ಮುಂದಿನ ಕಾರ್ನಿಯಾ. ವಯಸ್ಸೂ ಲೆಕ್ಕಕ್ಕಿಲ್ಲ."

"ಹಾಗಾದ್ರೆ ಬರಕೋ. ನಿನ್ನ ತಮ್ಮನಿಗೂ ಫೋನ್ ಮಾಡಿ ಹೇಳು. ಆ ಹೊತ್ತಿಗೆ ಅವನು ತಕರಾರು ತೆಗೆಯೋದು ಬೇಡ."

ತಮ್ಮನಿಗೆ ಆಗಲೇ ಫೋನ್ ಮಾಡಿದೆ.